ಕುಂಗ್‌ಫು ಚಿತ್ರಗಳು: ಏಟಿನ ಹಿಂದಿನ ಹೊತ್ತು

ಕುಂಗ್‌ಫು ಚಿತ್ರಗಳ ಮಾತು ಬಂದಾಗಲೆಲ್ಲ ಒಂದು ದೂರು ಕೇಳಿಸುತ್ತದೆ. ಹಳೆಯ ಚಿತ್ರಗಳಲ್ಲಿ ಒಂದು ಒರಟುತನವಿತ್ತು, ಹೊಡೆದರೆ ಹೊಡೆದ ಹಾಗೇ ಇರುತ್ತಿತ್ತು. ಈಗ ಎಲ್ಲವೂ ನುಣುಪು, ಎಲ್ಲವೂ ಕಂಪ್ಯೂಟರಿನ ಕೆಲಸ ಎಂಬ ದೂರು. ಬ್ರೂಸ್ ಲೀಯನ್ನು ವಿಡಿಯೋ ಕ್ಯಾಸೆಟ್ಟಿನಲ್ಲಿ ನೋಡಿದ ತಲೆಮಾರಿನವರು ಹೀಗೆ ಹೇಳಿದರೆ ಅದು ಹಳೆಯ ದಿನಗಳ ಹಂಬಲ ಎಂದು ಸುಮ್ಮನಾಗಬಹುದು. ಆದರೆ ಮೊಬೈಲಿನಲ್ಲೇ ಸಿನಿಮಾ ನೋಡಿ ಬೆಳೆದ ವಿದ್ಯಾರ್ಥಿಗಳೂ ಇದೇ ಮಾತನ್ನು ಹೇಳುತ್ತಾರೆ. ಹಾಗಾದರೆ ಅದರಲ್ಲಿ ಹುರುಳಿರಲೇಬೇಕು.

ನನಗೂ ಹಳೆಯವೇ ಹೆಚ್ಚು ಇಷ್ಟ. ಆದರೆ ‘ಒರಟುತನ’ ಎಂಬ ಒಂದೇ ಪದದೊಳಗೆ ನಾವು ಏನೇನನ್ನು ತುರುಕಿದ್ದೇವೆ ಎಂದು ಬಿಡಿಸಿ ನೋಡದಿದ್ದರೆ ನಮ್ಮ ಮೆಚ್ಚುಗೆ ತಪ್ಪು ಕಾರಣಕ್ಕೆ ಸಲ್ಲುತ್ತದೆ. ನನಗೆ ಅದರಲ್ಲಿ ಮೂರು ಸಂಗತಿಗಳು ಕಾಣುತ್ತವೆ: ಚಿತ್ರದ ಹೊರನೋಟ, ನಟರ ಮೈಗೆ ಬಿದ್ದ ನಿಜವಾದ ಪೆಟ್ಟು, ಮತ್ತು ಒಂದು ಚಲನೆ ಪೂರ್ತಿಯಾಗಲು ಕೊಟ್ಟ ಸಮಯ. ಮೊದಲನೆಯದು ಬಹುಮಟ್ಟಿಗೆ ನಮ್ಮ ಭ್ರಮೆ. ಎರಡನೆಯದು ನಿಜ, ಆದರೆ ಅದನ್ನು ಮರಳಿ ಬಯಸುವುದು ತಪ್ಪು. ಮೂರನೆಯದನ್ನು ಮಾತ್ರ ನಾವು ಕಳೆದುಕೊಂಡಿದ್ದೇವೆ, ಅದನ್ನು ಕೇಳುವ ಹಕ್ಕೂ ನಮಗಿದೆ.

ಹೊರನೋಟದಿಂದ ಶುರು ಮಾಡೋಣ. ಹಾಂಗ್‌ಕಾಂಗ್‌ನ ಹಳೆಯ ಚಿತ್ರಗಳು ಹೊರದೇಶಗಳ ನೋಡುಗರನ್ನು ತಲುಪಿದ್ದು ಹೆಚ್ಚಾಗಿ ಸವೆದ ಪ್ರಿಂಟುಗಳಲ್ಲಿ, ಆಮೇಲೆ ನಕಲಿನ ನಕಲಾದ ಕ್ಯಾಸೆಟ್ಟುಗಳಲ್ಲಿ. ಅಗಲ ಪರದೆಗೆಂದು ತೆಗೆದ ಚೌಕಟ್ಟಿನ ಎರಡೂ ಬದಿ ಕತ್ತರಿಸಿ ಹೋಗಿರುತ್ತಿತ್ತು, ಬಣ್ಣ ಮಾಸಿರುತ್ತಿತ್ತು, ಇಂಗ್ಲಿಷ್ ಡಬ್ಬಿಂಗ್ ತುಟಿಗೆ ಹೊಂದುತ್ತಿರಲಿಲ್ಲ. ಆ ಧೂಳು, ಗೀರು, ಮಬ್ಬುಗಳನ್ನೇ ನಾವು ಚಿತ್ರದ ಗುಣವೆಂದು ತಿಳಿದೆವು. 2000ದ ನಂತರ ಸೆಲೆಸ್ಟಿಯಲ್ ಪಿಕ್ಚರ್ಸ್ ಸಂಸ್ಥೆ ಶಾ ಬ್ರದರ್ಸ್ ಸ್ಟುಡಿಯೋದ 700ಕ್ಕೂ ಹೆಚ್ಚು ಚಿತ್ರಗಳ ಹಕ್ಕು ಪಡೆದು, ಅವುಗಳನ್ನು ಶುಚಿಗೊಳಿಸಿ ಹೊರತರತೊಡಗಿತು. ಆಗ ಕಂಡದ್ದು ಬೇರೆಯೇ ಲೋಕ. ಕ್ಲಿಯರ್‌ವಾಟರ್ ಬೇಯ ಸ್ಟುಡಿಯೋದಲ್ಲಿ ಕಟ್ಟಿದ ಅಂಗಳಗಳು, ಝಗಮಗಿಸುವ ರೇಷ್ಮೆ ಉಡುಪುಗಳು, ಬಣ್ಣದ ಡಬ್ಬಿಯಿಂದ ನೇರವಾಗಿ ಸುರಿದಂತಿರುವ ರಕ್ತ. ಒರಟೇನೂ ಅಲ್ಲ; ನಾಟಕದ ರಂಗಕ್ಕೆ ಹತ್ತಿರದ, ಬಹಳ ಅಲಂಕಾರದ ಚಿತ್ರಗಳು.

ಅವುಗಳಲ್ಲಿ ಕೈಚಳಕ ಕಡಿಮೆಯೇನೂ ಇರಲಿಲ್ಲ. ಹಾರುವವರ ಕಾಲ ಕೆಳಗೆ ಕಣ್ಣಿಗೆ ಕಾಣದಂತೆ ಟ್ರಾಂಪೊಲಿನ್ ಇಡುತ್ತಿದ್ದರು, ತಂತಿ ಕಟ್ಟಿ ಎಳೆಯುತ್ತಿದ್ದರು. ಕ್ಯಾಮೆರಾವನ್ನು ಸೆಕೆಂಡಿಗೆ 24 ಚೌಕಟ್ಟಿಗಿಂತ ತುಸು ನಿಧಾನವಾಗಿ ಓಡಿಸಿ, ಪರದೆಯ ಮೇಲೆ ಕೈಕಾಲುಗಳು ವೇಗವಾಗಿ ಆಡುವಂತೆ ಮಾಡುತ್ತಿದ್ದರು. ಆದ್ದರಿಂದ ‘ಆಗ ಎಲ್ಲ ನಿಜ, ಈಗ ಎಲ್ಲ ಸುಳ್ಳು’ ಎಂಬ ಗೆರೆ ನಿಲ್ಲುವುದಿಲ್ಲ.

ಈ ಚಿತ್ರಗಳ ಬೇರು ಬೀದಿ ಜಗಳದಲ್ಲಿ ಇಲ್ಲ, ಪೀಕಿಂಗ್ ಆಪೆರಾದಲ್ಲಿದೆ. ಕಿಂಗ್ ಹೂ ತಮ್ಮ ‘ಕಮ್ ಡ್ರಿಂಕ್ ವಿತ್ ಮಿ’ (1966) ಚಿತ್ರದ ಕಾಳಗಗಳನ್ನು ಕಟ್ಟಲು ಕರೆದದ್ದು ಆಪೆರಾದಲ್ಲಿ ಪಳಗಿದ್ದ ಹಾನ್ ಯಿಂಗ್‌ಜಿಯೆಯನ್ನು. ಆಪೆರಾದ ಕಾಳಗ ತಾಳಕ್ಕೆ ಕಟ್ಟಿದ್ದು. ಡೋಲು, ಜಾಗಟೆಯ ಪೆಟ್ಟಿಗೆ ದೇಹ ಸಿಡಿಯುತ್ತದೆ, ಮರುಕ್ಷಣ ಕಡೆದಿಟ್ಟ ಹಾಗೆ ನಿಲ್ಲುತ್ತದೆ, ಮತ್ತೆ ಸಿಡಿಯುತ್ತದೆ. ಚೆಂಡೆಯ ಬಿಡ್ತಿಗೆಗೆ ವೇಷಧಾರಿ ನಿಲ್ಲುವುದನ್ನು ಯಕ್ಷಗಾನದ ಯುದ್ಧ ಪ್ರಸಂಗಗಳಲ್ಲಿ ಕಂಡವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಿಲ್ಲ. ಹಾಂಗ್‌ಕಾಂಗ್ ಸಿನಿಮಾದ ಬಗ್ಗೆ ಒಳ್ಳೆಯ ಪುಸ್ತಕ ಬರೆದ ಡೇವಿಡ್ ಬೋರ್ಡ್‌ವೆಲ್ ಈ ನಿಲುಗಡೆ ಮತ್ತು ಸಿಡಿತದ ಲಯವನ್ನೇ ಆ ಚಿತ್ರಗಳ ಜೀವಾಳವೆಂದು ಗುರುತಿಸುತ್ತಾರೆ. ನಿಲುಗಡೆ ಇರುವುದರಿಂದ ಚಲನೆ ಓದಲು ಸಿಗುತ್ತದೆ. ಎಲ್ಲಿ ಶುರುವಾಯಿತು, ಎಲ್ಲಿ ತಲುಪಿತು, ಎದುರಾಳಿ ಅದಕ್ಕೆ ಏನು ಉತ್ತರ ಕೊಟ್ಟ ಎಂಬುದು ಒಂದು ವಾಕ್ಯದಷ್ಟು ಸ್ಪಷ್ಟ.

ಈ ಸ್ಪಷ್ಟತೆಯನ್ನು ಒಂದು ಜೀವನದೃಷ್ಟಿಯಾಗಿ ಬೆಳೆಸಿದ ಚಿತ್ರ ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’ (1978). ನಿರ್ದೇಶಕ ಲಾವ್ ಕಾರ್ ಲಿಯುಂಗ್ ಬಂದದ್ದು ಕುಂಗ್‌ಫು ಮನೆತನದಿಂದ. ಅವರ ತಂದೆ, ದಂತಕಥೆಯಾದ ವಾಂಗ್ ಫೇ ಹುಂಗ್‌ನ ಶಿಷ್ಯನ ಶಿಷ್ಯ. ಕಥೆ ಸರಳ. ಮಾಂಚು ಆಳ್ವಿಕೆಯ ದಬ್ಬಾಳಿಕೆಯಲ್ಲಿ ತನ್ನವರನ್ನು ಕಳೆದುಕೊಂಡ ವಿದ್ಯಾರ್ಥಿಯೊಬ್ಬ ಶಾವೊಲಿನ್ ವಿಹಾರಕ್ಕೆ ಓಡಿ ಬರುತ್ತಾನೆ, ಕಲಿಯುತ್ತಾನೆ, ಊರಿಗೆ ಮರಳಿ ಲೆಕ್ಕ ಚುಕ್ತಾ ಮಾಡುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಕಲಿಕೆಯನ್ನು ಒಂದು ಹಾಡಿನ ಉದ್ದದಲ್ಲಿ ಮುಗಿಸಿ ಸೇಡಿಗೆ ಹೋಗುತ್ತಿದ್ದರು. ಲಾವ್ ಚಿತ್ರದ ನಡುವಿನ ದೊಡ್ಡ ಪಾಲನ್ನು ಕಲಿಕೆಗೇ ಕೊಡುತ್ತಾರೆ.

ಆ ಕಲಿಕೆ ಎಂಥದ್ದು? ಊಟದ ಮನೆಗೆ ಹೋಗಬೇಕಾದರೆ ನೀರಿನಲ್ಲಿ ತೇಲುವ ಮರದ ಕಟ್ಟಿನ ಮೇಲೆ ಕಾಲಿಟ್ಟು ದಾಟಬೇಕು. ಗಾರ್ಡನ್ ಲಿಯು ನಟಿಸಿದ ಸಾನ್ ತೆ ಬೀಳುತ್ತಾನೆ, ಮತ್ತೆ ಬೀಳುತ್ತಾನೆ. ಇನ್ನೊಂದು ಕಡೆ ಎರಡೂ ಕೈಗಳನ್ನು ಅಗಲಿಸಿ ಹಿಡಿದು ನೀರಿನ ಬಕೆಟ್ಟುಗಳನ್ನು ಹೊರಬೇಕು. ತೋಳಿಗೆ ಚೂರಿ ಕಟ್ಟಿರುತ್ತಾರೆ, ಕೈ ಸೋತು ಇಳಿದರೆ ಅದು ಪಕ್ಕೆಗೆ ಚುಚ್ಚುತ್ತದೆ. ಮತ್ತೊಂದರಲ್ಲಿ ಉದ್ದನೆಯ ಬಿದಿರಿನ ತುದಿಗೆ ಭಾರ ಕಟ್ಟಿದ ಸುತ್ತಿಗೆಯನ್ನು ಮಣಿಕಟ್ಟಿನ ಬಲದಿಂದಲೇ ಎತ್ತಿ ಗಂಟೆ ಬಾರಿಸಬೇಕು. ಇದ್ಯಾವುದೂ ಹೊಡೆದಾಟವಲ್ಲ, ಎಲ್ಲವೂ ಮನೆಗೆಲಸ, ಕೂಲಿ ಕೆಲಸದ ಹಾಗಿವೆ. ಕ್ಯಾಮೆರಾ ದೂರದಲ್ಲಿ ನಿಂತು, ನಡುಗುವ ತೋಳನ್ನೂ ಸುಕ್ಕಾಗುವ ಮುಖವನ್ನೂ ಒಟ್ಟಿಗೆ ತೋರಿಸುತ್ತದೆ.

‘ಕುಂಗ್‌ಫು’ ಎಂಬ ಪದದ ಮೂಲ ಅರ್ಥವೂ ಇದೇ. ಚೀನೀ ಭಾಷೆಯಲ್ಲಿ ಅದು ಹೊಡೆದಾಟಕ್ಕಷ್ಟೇ ಸೇರಿದ್ದಲ್ಲ. ಹೊತ್ತು ಮತ್ತು ದುಡಿಮೆ ಹಾಕಿ ಗಳಿಸಿದ ಯಾವ ನೈಪುಣ್ಯಕ್ಕೂ ಅದು ಸಲ್ಲುತ್ತದೆ. ಅಡುಗೆಯವನ ಕೈಗೂ ಲಿಪಿಕಾರನ ಕೈಗೂ. ಕನ್ನಡದಲ್ಲಿ ನಾವು ‘ಪಳಗಿದ ಕೈ’ ಎನ್ನುತ್ತೇವಲ್ಲ, ಅದು. ಹಾಗೆ ನೋಡಿದರೆ ಲಾವ್ ಅವರ ಚಿತ್ರದ ನಿಜವಾದ ವಸ್ತು ಸೇಡಲ್ಲ, ಪಳಗುವುದು. ಕೊನೆಯಲ್ಲಿ ಸಾನ್ ತೆ 35 ಕೊಠಡಿಗಳನ್ನು ಮುಗಿಸಿ, ಹೊರಗಿನ ಸಾಮಾನ್ಯ ಜನರಿಗೆ ಕಲಿಸಲು 36ನೆಯದೊಂದು ಬೇಕೆಂದು ಕೇಳುತ್ತಾನೆ. ಏಟಿನ ಹಿಂದೆ ಎಷ್ಟು ಹೊತ್ತು ಸವೆದಿದೆ ಎಂದು ನಾವು ಕಂಡಿರುವುದರಿಂದ ಆ ಬೇಡಿಕೆಗೆ ತೂಕ ಬರುತ್ತದೆ.

ಕಲಿಕೆಯನ್ನು ತೋರಿಸಲು ವಿಹಾರವೇ ಬೇಕೆಂದಿಲ್ಲ. ಬ್ರೂಸ್ ಲೀ ತಾನೇ ಬರೆದು ನಿರ್ದೇಶಿಸಿದ ‘ದಿ ವೇ ಆಫ್ ದಿ ಡ್ರ್ಯಾಗನ್’ (1972) ಚಿತ್ರದ ಕೊನೆಯ ಕಾಳಗ ರೋಮ್‌ನ ಕೊಲೊಸಿಯಮ್ಮಿನಲ್ಲಿ ನಡೆಯುತ್ತದೆ, ಎದುರಾಳಿ ಚಕ್ ನಾರಿಸ್. ಇಬ್ಬರೂ ಮೊದಲು ಮೈ ಸಡಿಲಿಸಿಕೊಳ್ಳುತ್ತಾರೆ; ಬೆರಳು ನೆಟಿಕೆ ಮುರಿಯುವುದು, ಬೆನ್ನು ಬಾಗಿಸುವುದು ಎಲ್ಲವನ್ನೂ ಅವಸರವಿಲ್ಲದೆ ತೋರಿಸಲಾಗುತ್ತದೆ. ಮೊದಲ ಸುತ್ತಿನಲ್ಲಿ ಲೀ ಸೋಲುತ್ತಾನೆ. ನಂತರ ತನ್ನ ನಿಲುವನ್ನೇ ಬದಲಿಸಿ, ಪಾದಗಳನ್ನು ಹಗುರಗೊಳಿಸಿ, ಕುಣಿಯುವಂತೆ ಸುತ್ತುತ್ತ ಎದುರಾಳಿಯ ಲಯ ಕೆಡಿಸುತ್ತಾನೆ. ಈ ತಿರುವು ನಮಗೆ ತಿಳಿಯುವುದು ಇಬ್ಬರ ಪೂರ್ಣ ದೇಹಗಳೂ ಒಂದೇ ಚೌಕಟ್ಟಿನಲ್ಲಿ ಇರುವುದರಿಂದ. ಕಾಲು ಮುರಿದ ಮೇಲೂ ಎದ್ದು ಬರುವ ಎದುರಾಳಿಗೆ ಲೀ ಬೇಡವೆಂದು ತಲೆಯಾಡಿಸುತ್ತಾನೆ. ಅವನು ಕೇಳುವುದಿಲ್ಲ. ಕೊಂದ ಬಳಿಕ ಲೀ ಅವನ ಅಂಗಿ ಮತ್ತು ಪಟ್ಟಿಯನ್ನು ದೇಹದ ಮೇಲೆ ಹೊದಿಸುತ್ತಾನೆ. ಒಂದು ಸಾವಿಗೆ ಇಷ್ಟು ಹೊತ್ತು ಕೊಡುವ ಸಾಹಸ ಚಿತ್ರಗಳು ಇಂದು ಅಪರೂಪ.

ಹಾಗೆಂದು ಉದ್ದನೆಯ ಶಾಟ್ ಇದ್ದರೆ ಒಳ್ಳೆಯದು, ಬೇಗ ಬೇಗ ಕತ್ತರಿಸಿದರೆ ಕೆಟ್ಟದ್ದು ಎಂದು ಸೂತ್ರ ಕಟ್ಟುವಂತಿಲ್ಲ. ಅದಕ್ಕೆ ಕಿಂಗ್ ಹೂ ಅವರೇ ಅಡ್ಡ ನಿಲ್ಲುತ್ತಾರೆ. 1975ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತಾಂತ್ರಿಕ ಪ್ರಶಸ್ತಿ ಪಡೆದ ಅವರ ‘ಎ ಟಚ್ ಆಫ್ ಝೆನ್’ ಚಿತ್ರದ ಬಿದಿರು ಮೆಳೆಯ ಕಾಳಗವನ್ನು ನೋಡಿ. ಕೆಲವು ಶಾಟ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಮೇಲಿನಿಂದ ಧುಮುಕುವ ದೇಹ, ಬಿದಿರಿನ ಎಲೆ, ಕತ್ತಿಯ ಮಿಂಚು. ಆದರೆ ಆ ತುಣುಕುಗಳಿಗೆ ಮುಂಚೆ ದೀರ್ಘವಾದ ಕಾಯುವಿಕೆ ಇದೆ. ಯಾರು ಎಲ್ಲಿ ನಿಂತಿದ್ದಾರೆ, ಬೆಳಕು ಎಲ್ಲಿಂದ ಬರುತ್ತಿದೆ ಎಂಬುದು ನಮಗೆ ಗೊತ್ತು. ಹಾಗಾಗಿ ಕಣ್ಣಿಗೆ ಸಿಗದೆ ಹೋದದ್ದು ಅವರ ನೈಪುಣ್ಯ ನಮ್ಮ ಕಣ್ಣಿಗಿಂತ ವೇಗವಾದದ್ದು ಎಂಬ ಅನುಭವ ಕೊಡುತ್ತದೆ. ಇಂದಿನ ಎಷ್ಟೋ ಚಿತ್ರಗಳಲ್ಲಿ ಅದೇ ಕತ್ತರಿ, ತೋರಿಸಲು ನೈಪುಣ್ಯವೇ ಇಲ್ಲವೆಂಬುದನ್ನು ಮುಚ್ಚುತ್ತದೆ. ‘ಟೇಕನ್ 3’ ಚಿತ್ರದಲ್ಲಿ ನಾಯಕ ಒಂದು ಬೇಲಿ ಹಾರುವುದನ್ನು ಹತ್ತಕ್ಕೂ ಹೆಚ್ಚು ತುಂಡುಗಳಲ್ಲಿ ತೋರಿಸಿದ್ದು ನಗೆಪಾಟಲಾದದ್ದು ಇದಕ್ಕೇ. ಅಷ್ಟೂ ತುಂಡುಗಳನ್ನು ಕೂಡಿಸಿದರೂ ಒಂದು ಹಾರುವಿಕೆ ಆಗುವುದಿಲ್ಲ.

ಇದಕ್ಕೆ ಕಾರಣ ಹಾಲಿವುಡ್ಡಿನವರಿಗೆ ಅಭಿರುಚಿ ಇಲ್ಲವೆಂಬುದಲ್ಲ, ಕೆಲಸ ಹಂಚಿಕೆಯ ಕ್ರಮ. ಹಾಂಗ್‌ಕಾಂಗಿನಲ್ಲಿ ಸಾಹಸ ನಿರ್ದೇಶಕನೆಂದರೆ ಪಟ್ಟುಗಳನ್ನು ಹೇಳಿಕೊಡುವವನಷ್ಟೇ ಅಲ್ಲ. ಕ್ಯಾಮೆರಾ ಎಲ್ಲಿಡಬೇಕು, ಎಲ್ಲಿ ಕತ್ತರಿಸಬೇಕು ಎಂಬುದನ್ನೂ ಅವನೇ ತೀರ್ಮಾನಿಸುತ್ತಿದ್ದ. ಹಾಲಿವುಡ್ಡಿನಲ್ಲಿ ಪಟ್ಟು ಕಟ್ಟುವವರು ಒಬ್ಬರು, ಚಿತ್ರಿಸುವವರು ಇನ್ನೊಬ್ಬರು, ತಿಂಗಳುಗಳ ನಂತರ ಕತ್ತಲ ಕೋಣೆಯಲ್ಲಿ ಕೂತು ಕತ್ತರಿಸುವವರು ಮತ್ತೊಬ್ಬರು. ನಟನಿಗೆ ಕಲಿಯಲು ಸಮಯವಿಲ್ಲ, ಅವನ ಬದಲಿಗೆ ಬಂದವನ ಮುಖ ತೋರಿಸುವಂತಿಲ್ಲ. ಉಳಿದ ದಾರಿ ಕತ್ತರಿ ಒಂದೇ. ‘ದಿ ಮ್ಯಾಟ್ರಿಕ್ಸ್’ (1999) ಬೇರೆಯಾಗಿ ಕಂಡದ್ದು ಅದು ಹಾಂಗ್‌ಕಾಂಗಿನ ಯುಯೆನ್ ವೂ ಪಿಂಗ್ ಅವರನ್ನು ಕರೆಸಿ, ನಟರನ್ನು ತಿಂಗಳುಗಟ್ಟಲೆ ಅವರ ಕೈಗೆ ಒಪ್ಪಿಸಿದ್ದರಿಂದ.

ಇನ್ನು ಎರಡನೆಯ ಸಂಗತಿ, ನಿಜವಾದ ಪೆಟ್ಟು. ಇಲ್ಲಿ ನನ್ನ ಮೆಚ್ಚುಗೆಯೇ ನನಗೆ ಇರಿಸುಮುರಿಸು ತರುತ್ತದೆ. ಜಾಕಿ ಚಾನ್ ‘ಪೊಲೀಸ್ ಸ್ಟೋರಿ’ (1985) ಚಿತ್ರದಲ್ಲಿ ದೀಪದ ಸರ ಸುತ್ತಿದ ಕಂಬ ಹಿಡಿದು, ಮಾಲ್ ಒಂದರ ಮೇಲಂತಸ್ತಿನಿಂದ ಜಾರಿ ಇಳಿಯುತ್ತಾರೆ. ಬಲ್ಬುಗಳು ಸಿಡಿಯುತ್ತವೆ, ಅವರ ಅಂಗೈ ಸುಟ್ಟದ್ದು ನಿಜ. ಚಿತ್ರ ಆ ಜಾರುವಿಕೆಯನ್ನು ಬೇರೆ ಬೇರೆ ಕೋನಗಳಿಂದ ಮೂರು ಸಲ ತೋರಿಸುತ್ತದೆ, ಸಾಕ್ಷಿ ಹೇಳುವ ಹಾಗೆ. ‘ಆರ್ಮರ್ ಆಫ್ ಗಾಡ್’ (1986) ಚಿತ್ರೀಕರಣದಲ್ಲಿ ಯುಗೊಸ್ಲಾವಿಯಾದಲ್ಲಿ ಮರದಿಂದ ಬಿದ್ದು ಅವರ ತಲೆಬುರುಡೆ ಒಡೆಯಿತು. ಆ ಅಪಘಾತವೂ ಚಿತ್ರದ ಕೊನೆಯ ಹೆಸರುಗಳ ಜೊತೆ ಓಡುತ್ತದೆ. ಹಾಲಿವುಡ್ಡಿನ ‘ದಿ ಕ್ಯಾನನ್‌ಬಾಲ್ ರನ್’ (1981) ಚಿತ್ರದಲ್ಲಿ ನಟಿಸುವಾಗ ಚಾನ್ ಈ ರೂಢಿಯನ್ನು ಎತ್ತಿಕೊಂಡರು. ಅಲ್ಲಿ ಅದು ನಟರು ಮಾತು ಮರೆತು ನಗುವ ತಮಾಷೆಯಾಗಿತ್ತು. ಚಾನ್ ಕೈಯಲ್ಲಿ ಅದು ಗಾಯಗಳ ಪಟ್ಟಿಯಾಯಿತು.

ಆ ಪಟ್ಟಿಯನ್ನು ನೋಡುವಾಗ ನನಗೆ ಬೆರಗೂ ಆಗುತ್ತದೆ, ನಾಚಿಕೆಯೂ ಆಗುತ್ತದೆ. ಈ ದೇಹಗಳು ಹೇಗೆ ತಯಾರಾದವು ಎಂಬುದು ಗುಟ್ಟೇನಲ್ಲ. ಚಾನ್, ಸ್ಯಾಮೊ ಹಂಗ್, ಯುಯೆನ್ ಬಿಯಾವೊ ಮೂವರೂ ಹಾಂಗ್‌ಕಾಂಗಿನಲ್ಲಿ ಯು ಜಿಮ್ ಯುಯೆನ್ ನಡೆಸುತ್ತಿದ್ದ ಆಪೆರಾ ಶಾಲೆಯ ಮಕ್ಕಳು. ವರ್ಷಗಳ ಕರಾರು ಬರೆಸಿ, ಹೆತ್ತವರು ಮಕ್ಕಳನ್ನು ಗುರುವಿಗೆ ಒಪ್ಪಿಸಿ ಹೋಗುತ್ತಿದ್ದರು. ಬೆತ್ತದ ಏಟು, ಗಂಟೆಗಟ್ಟಲೆ ತಲೆಕೆಳಗಾಗಿ ನಿಲ್ಲುವುದು ದಿನಚರಿ. ‘ಪೇಂಟೆಡ್ ಫೇಸಸ್’ (1988) ಆ ಶಾಲೆಯ ಕಥೆಯನ್ನೇ ಹೇಳುತ್ತದೆ. ಅದರಲ್ಲಿ ಸ್ಯಾಮೊ ಹಂಗ್ ತನ್ನನ್ನು ಹೊಡೆದು ಬೆಳೆಸಿದ ಗುರುವಿನ ಪಾತ್ರವನ್ನು ತಾನೇ ಮಾಡಿದ್ದಾರೆ; ಮಮತೆ ಮತ್ತು ಕ್ರೌರ್ಯ ಎರಡನ್ನೂ ಬಿಡದೆ. ಆಪೆರಾಗೆ ನೋಡುಗರು ಇಲ್ಲವಾದಾಗ ಆ ಮಕ್ಕಳಿಗೆ ಉಳಿದದ್ದು ಸಿನಿಮಾದಲ್ಲಿ ಬೀಳುವ ಕೆಲಸ.

ಹೀಗಿರುವಾಗ ‘ಆಗಿನವರು ನಿಜವಾಗಿ ಬೀಳುತ್ತಿದ್ದರು’ ಎಂಬ ಹೊಗಳಿಕೆಯನ್ನು ನಾನು ಒಪ್ಪಿಕೊಳ್ಳಲಾರೆ. ಬೀಳುವುದರಲ್ಲಿ ಕಲೆ ಇದ್ದರೆ ಅದು ಹೇಗೆ ಬಿದ್ದರು ಎಂಬುದರಲ್ಲಿದೆ, ಮೂಳೆ ಮುರಿದದ್ದರಲ್ಲಿ ಅಲ್ಲ. ಸುರಕ್ಷಿತ ಹಗ್ಗ ಕಟ್ಟಿಕೊಂಡು, ಆ ಹಗ್ಗವನ್ನು ಕಂಪ್ಯೂಟರಿನಲ್ಲಿ ಅಳಿಸಿದರೆ ಕಲೆಗೆ ಏನೂ ನಷ್ಟವಿಲ್ಲ. ನೋಡುಗರಾದ ನಾವು ಇನ್ನೊಬ್ಬರ ನೋವನ್ನೇ ಪ್ರಾಮಾಣಿಕತೆಯ ಅಳತೆಗೋಲು ಮಾಡಿಕೊಂಡರೆ, ಅದು ವಿಮರ್ಶೆಯಲ್ಲ, ಜೂಜು. ‘ನುಣುಪು’ ಎಂದು ಕರೆಸಿಕೊಳ್ಳುವ ಚಿತ್ರಗಳಲ್ಲೂ ಪೆಟ್ಟು ಇಲ್ಲದೇ ಇಲ್ಲ. ಆಂಗ್ ಲೀಯ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ (2000) ಮಾಡುವಾಗ ಮಿಶೆಲ್ ಯೋ ಅವರ ಮಂಡಿಯ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆ ಆಯಿತು. ಅದು ಗೊತ್ತಾದ ಮಾತ್ರಕ್ಕೆ ಆ ಚಿತ್ರ ಹೆಚ್ಚು ಒಳ್ಳೆಯದಾಗುವುದಿಲ್ಲ.

ಆ ಚಿತ್ರ ಒಳ್ಳೆಯದಾಗಿರುವುದು ಬೇರೆ ಕಾರಣಕ್ಕೆ. ಅದರಲ್ಲಿ ಜನ ಗಾಳಿಯಲ್ಲಿ ತೇಲುತ್ತಾರೆ, ಮಾಡಿನಿಂದ ಮಾಡಿಗೆ ಹಾರುತ್ತಾರೆ. ಒರಟುತನದ ಸುಳಿವೂ ಇಲ್ಲ. ಆದರೂ ಅಂಗಳದಲ್ಲಿ ಯೋ ಮತ್ತು ಝಾಂಗ್ ಝಿಯಿ ನಡುವೆ ನಡೆಯುವ ಕಾಳಗದಲ್ಲಿ ಹಳೆಯ ಚಿತ್ರಗಳ ಸತ್ವ ಪೂರ್ತಿ ಇದೆ. ಚಿಕ್ಕವಳ ಕೈಯಲ್ಲಿ ಯಾವುದನ್ನೂ ತುಂಡರಿಸುವ ಕತ್ತಿ. ದೊಡ್ಡವಳ ಕೈಯಲ್ಲಿ ಅನುಭವ. ಅವಳು ಒಂದರ ನಂತರ ಒಂದು ಆಯುಧ ಎತ್ತಿಕೊಳ್ಳುತ್ತಾಳೆ, ಒಂದೊಂದೂ ತುಂಡಾಗುತ್ತದೆ. ಒಮ್ಮೆ ಬಲು ಭಾರದ ಆಯುಧವೊಂದನ್ನು ಎತ್ತಲು ಹೋಗಿ ಆಗದೆ ಅದರ ಜೊತೆ ತಾನೂ ವಾಲುತ್ತಾಳೆ. ನಾವು ನಗುತ್ತೇವೆ, ಆ ನಗುವಿನ ನಡುವೆಯೇ ಅವಳ ದಣಿವನ್ನೂ ಕಾಣುತ್ತೇವೆ. ಯಾರು ಗೆದ್ದರು ಎಂಬುದಕ್ಕಿಂತ, ಪಳಗಿದವಳು ಮತ್ತು ಪಳಗುವ ತಾಳ್ಮೆ ಇಲ್ಲದವಳು ಎಂಬ ಅಂತರ ಕಣ್ಣಿಗೆ ಕಟ್ಟುತ್ತದೆ.

ಇಂಡೋನೇಷ್ಯಾದಲ್ಲಿ ಗ್ಯಾರೆತ್ ಇವಾನ್ಸ್ ಮಾಡಿದ ‘ದಿ ರೇಡ್’ (2011) ಇದನ್ನೇ ಇನ್ನೊಂದು ತುದಿಯಿಂದ ಸಾಧಿಸುತ್ತದೆ. ಜಕಾರ್ತಾದ ಒಂದು ಕಟ್ಟಡ, ಒಳಗೆ ಸಿಕ್ಕಿಬಿದ್ದ ಪೊಲೀಸರು. ನಾಯಕ ಇಕೊ ಉವೈಸ್ ಮತ್ತು ಖಳ ಯಯಾನ್ ರುಹಿಯಾನ್ ಇಬ್ಬರೂ ಪೆಂಚಾಕ್ ಸಿಲಾಟ್ ಕಲಿತವರು, ಕಾಳಗಗಳನ್ನು ಕಟ್ಟಿದವರೂ ಅವರೇ. ಯಯಾನ್ ಮಾಡಿದ ‘ಮ್ಯಾಡ್ ಡಾಗ್’ ಪಾತ್ರ ಕೈಯಲ್ಲಿ ಬಂದೂಕಿದ್ದರೂ ಅದನ್ನು ಬದಿಗಿಡುತ್ತದೆ; ಗುಂಡು ಹೊಡೆಯುವುದರಲ್ಲಿ ಅವನಿಗೆ ಸುಖವಿಲ್ಲ. ಕೊನೆಯಲ್ಲಿ ಕಟ್ಟಿಹಾಕಿದ್ದವನನ್ನು ತಾನೇ ಬಿಡಿಸಿ, ಅಣ್ಣತಮ್ಮಂದಿರಿಬ್ಬರ ಜೊತೆ ಒಬ್ಬನೇ ಕಾದುತ್ತಾನೆ. ಭಯಾನಕ ಹಿಂಸೆ, ಒಪ್ಪುತ್ತೇನೆ. ಆದರೆ ಅವನ ಖಳತನದೊಳಗೆ ತನ್ನ ವಿದ್ಯೆಯ ಬಗ್ಗೆ ಒಂದು ವಿಚಿತ್ರ ನಿಷ್ಠೆ ಇದೆ. ಕಾಳಗ ಮುಂದುವರಿದಂತೆ ಮೂವರ ಉಸಿರೂ ಭಾರವಾಗುತ್ತದೆ, ಏಟುಗಳ ಚುರುಕು ಇಳಿಯುತ್ತದೆ. ಶುರುವಿನಲ್ಲಿ ಇದ್ದ ದೇಹ ಕೊನೆಯಲ್ಲಿ ಇಲ್ಲ.

ಇದಕ್ಕೆ ಎದುರಾಗಿ ‘ಶಾಂಗ್-ಚಿ’ (2021) ಚಿತ್ರವನ್ನು ಇಟ್ಟು ನೋಡಿ. ಅದರಲ್ಲಿ ಎರಡು ಚಿತ್ರಗಳಿವೆ. ಮೊದಲ ಭಾಗದ ಬಸ್ಸಿನ ಕಾಳಗ ನಿಜಕ್ಕೂ ಸೊಗಸು. ಕಂಬ, ಸೀಟು, ಕಿಟಕಿ, ಓಡುತ್ತಿರುವ ಬಸ್ಸಿನ ತೊನೆದಾಟ ಎಲ್ಲವೂ ಕಾಳಗದಲ್ಲಿ ಪಾಲು ಪಡೆಯುತ್ತವೆ. ಚಿತ್ರದ ಸಾಹಸದ ಹೊಣೆ ಹೊತ್ತಿದ್ದ ಬ್ರ್ಯಾಡ್ ಅಲನ್ ಜಾಕಿ ಚಾನ್ ತಂಡದಲ್ಲಿ ಬೆಳೆದವರು, ಆ ಗುರುತು ಇಲ್ಲಿ ಎದ್ದು ಕಾಣುತ್ತದೆ. ಕೊನೆಯ ಭಾಗಕ್ಕೆ ಬಂದರೆ ಆಕಾಶದಲ್ಲಿ ಎರಡು ದೈತ್ಯ ಜೀವಿಗಳು ಗುದ್ದಾಡುತ್ತವೆ, ನಾಯಕ ಅವುಗಳ ಬೆನ್ನ ಮೇಲಿನ ಚುಕ್ಕಿಯಾಗುತ್ತಾನೆ. ಅವನು ಬಾಲ್ಯದಿಂದ ಕಲಿತದ್ದಕ್ಕೆ ಅಲ್ಲಿ ಬೆಲೆಯೇ ಇಲ್ಲ. ಕಂಪ್ಯೂಟರ್ ಬಳಸಿದ್ದು ತಪ್ಪಲ್ಲ. ಕಲಿಕೆಯನ್ನು ಕಥೆಯಾಗಿ ಆರಿಸಿಕೊಂಡು ಕೊನೆಗೆ ವರವನ್ನು ಉತ್ತರವಾಗಿ ಕೊಟ್ಟದ್ದು ತಪ್ಪು.

ಅದೇ ಹಾಲಿವುಡ್ಡಿನಲ್ಲಿ ‘ಜಾನ್ ವಿಕ್: ಚಾಪ್ಟರ್ 4’ (2023) ಕೂಡ ಬಂದಿದೆ ಎಂಬುದು ಸಮಾಧಾನ. ನಿರ್ದೇಶಕ ಚಾಡ್ ಸ್ಟಹೆಲ್‌ಸ್ಕಿ ‘ದಿ ಮ್ಯಾಟ್ರಿಕ್ಸ್’ನಲ್ಲಿ ಕಿಯಾನು ರೀವ್ಸ್‌ಗೆ ಬದಲಿಯಾಗಿ ಬಿದ್ದವರು. ಪ್ಯಾರಿಸ್ಸಿನ ಸಾಕ್ರೆ ಕರ್ ಚರ್ಚಿನ ಉದ್ದನೆಯ ಮೆಟ್ಟಿಲುಗಳನ್ನು ವಿಕ್ ಹೊಡೆದಾಡುತ್ತ ಹತ್ತುತ್ತಾನೆ, ತುದಿ ತಲುಪುವ ಹೊತ್ತಿಗೆ ಉರುಳಿ ಬುಡಕ್ಕೆ ಬರುತ್ತಾನೆ. ಮತ್ತೆ ಎದ್ದು ಹತ್ತಬೇಕು. ಬಂದೂಕುಗಳ ಗದ್ದಲದ ನಡುವೆ ಅಷ್ಟೂ ಮೆಟ್ಟಿಲುಗಳ ಲೆಕ್ಕ ನಮ್ಮ ಮಂಡಿಗೂ ತಾಗುತ್ತದೆ. ಸಾನ್ ತೆ ನೀರಿಗೆ ಬಿದ್ದು ಬಿದ್ದು ದಾಟಿದ್ದರ ದೂರದ ನೆಂಟ ಈ ದೃಶ್ಯ.

ಹಾಗಾಗಿ ಹಳತು ಮತ್ತು ಹೊಸತು ಎಂಬ ವಿಂಗಡಣೆಯನ್ನು ಬಿಟ್ಟು ನಾನು ಎರಡು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಕಾಳಗ ಮುಗಿದಾಗ ಪಾತ್ರದ ದೇಹ ಶುರುವಿನಲ್ಲಿ ಇದ್ದುದಕ್ಕಿಂತ ಬೇರೆಯಾಗಿದೆಯೇ? ಆ ಏಟು ಎಲ್ಲಿಂದ ಬಂತು, ಅದನ್ನು ಗಳಿಸಲು ಏನು ತೆತ್ತರು ಎಂದು ಚಿತ್ರ ನಮಗೆ ತಿಳಿಸಿದೆಯೇ? ಇವೆರಡಕ್ಕೂ ಹೌದೆನ್ನುವ ಚಿತ್ರ ತಂತಿ ಬಳಸಲಿ, ಕಂಪ್ಯೂಟರ್ ಬಳಸಲಿ, ನನ್ನ ತಕರಾರಿಲ್ಲ. ಇಲ್ಲವೆನ್ನುವ ಚಿತ್ರ 1970ರ ದಶಕದ್ದಾದರೂ ಬೇಗ ಬೇಸರ ತರಿಸುತ್ತದೆ. ಆ ದಶಕದಲ್ಲಿ ಅಂಥವು ರಾಶಿ ರಾಶಿ ಬಂದಿವೆ.

ಮೂರನೆಯ ಪ್ರಶ್ನೆಯೊಂದು ಪರದೆಯ ಆಚೆಗಿದೆ: ಬಿದ್ದವರ ಹೆಸರು ನಮಗೆ ಗೊತ್ತಿದೆಯೇ? ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಾಹಸ ಸಂಯೋಜನೆಗೆ 1980ರ ದಶಕದಿಂದಲೇ ಪ್ರತ್ಯೇಕ ಪ್ರಶಸ್ತಿಯಿದೆ. ಆಸ್ಕರ್ ಕೊಡುವ ಅಕಾಡೆಮಿ ಸ್ಟಂಟ್ ವಿನ್ಯಾಸಕ್ಕೆ ಪ್ರಶಸ್ತಿ ಘೋಷಿಸಿದ್ದು 2025ರಲ್ಲಿ; ಅದು ಮೊದಲು ಸಲ್ಲುವುದು 2027ರ ಚಿತ್ರಗಳಿಗೆ. ತಡವಾಯಿತು, ಆದರೂ ಸರಿಯಾದ ದಿಕ್ಕು. ಇಲ್ಲಿ ಮನ್ನಣೆ ಸಿಗುವುದು ವಿನ್ಯಾಸಕ್ಕೆ, ಅಂದರೆ ಯೋಚನೆಗೆ, ತಯಾರಿಗೆ, ಪಳಗಿದ ಕೈಗೆ. ಎಷ್ಟು ಮೂಳೆ ಮುರಿದವು ಎಂಬುದಕ್ಕಲ್ಲ.

ಈ ಚಿತ್ರಗಳಿಗೆ ಹೊಸಬರಾದ ಓದುಗರಿಗೆ ಒಂದು ಸಲಹೆ. ‘36ತ್ ಚೇಂಬರ್’ ಮತ್ತು ‘ದಿ ರೇಡ್’ ಎರಡನ್ನೂ ಬೆನ್ನುಬೆನ್ನಿಗೆ ಎರಡು ಸಂಜೆ ನೋಡಿ. ಎರಡರ ನಡುವೆ 33 ವರ್ಷಗಳ ಅಂತರವಿದೆ, ದೇಶ ಬೇರೆ, ವಿದ್ಯೆ ಬೇರೆ, ಬೆಳಕಿನ ಬಣ್ಣವೂ ಬೇರೆ. ಮುಷ್ಟಿಗಳನ್ನು ಬಿಟ್ಟು ಪಾದಗಳನ್ನು ಗಮನಿಸಿ. ದಣಿದವನ ಪಾದ ನೆಲವನ್ನು ಹೇಗೆ ಹುಡುಕುತ್ತದೆ ಎಂಬುದನ್ನು ಎರಡೂ ಚಿತ್ರಗಳು ಒಂದೇ ತಾಳ್ಮೆಯಿಂದ ತೋರಿಸುತ್ತವೆ.